ಒತ್ತು ಚಿಕ್ಕಮ್ಮ

ಬೀದಿಯವರ ಬಾಯಲ್ಲಿ ಅವಳು ಒತ್ತು ಚಿಕ್ಕಮ್ಮ. ಯಾರ ಮನೆಯ ನೆಲಗಂಬಳಿಯ ಮೇಲೆ ಏನು ಚೆಲ್ಲಿದರೂ, "ಉಜ್ಬೇಡಿ, ಒಣಬಟ್ಟೆ ಇಟ್ಟು ಒತ್ತಿ!" ಎಂದು ಕೂಗುತ್ತಲೇ ಒಳಗೆ ನುಗ್ಗುವವಳು. ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಉಣ್ಣೆ ಒಗೆದು ಕೈ ಪಳಗಿದವಳು. ಎಲ್ಲರೂ ಅವಳ ಮಾತು ಕೇಳುತ್ತಿದ್ದರು, ಪಕ್ಕದ ಮನೆಯ ಸ್ವಂತ ಅಕ್ಕನೊಬ್ಬಳನ್ನು ಬಿಟ್ಟು.

ಅದರ ಕಾರಣ ಚಿಕ್ಕಮ್ಮನ ಬಾಗಿಲಲ್ಲೇ ಬಿದ್ದಿತ್ತು. ಅಮ್ಮ ಮಗ್ಗದಲ್ಲಿ ಕೂತು ಇಬ್ಬರು ಹೆಣ್ಣುಮಕ್ಕಳಿಗೂ ಒಂದೊಂದು ಉಣ್ಣೆಯ ನೆಲಗಂಬಳಿ ನೇಯ್ದಿದ್ದಳು. ಕೆಂಪು ಒಡಲು, ಬಿಳಿ ಅಂಚು. ಮದುವೆಯಾದ ಹೊಸತರಲ್ಲಿ ಚಿಕ್ಕಮ್ಮ ಕೊಳೆ ಚೆನ್ನಾಗಿ ಹೋಗಲೆಂದು ತನ್ನದನ್ನು ಕುದಿನೀರಿಗೆ ಹಾಕಿ ಕುಕ್ಕಿದಳು. ಅದು ಅರ್ಧಕ್ಕೆ ಕುಗ್ಗಿ ರಟ್ಟಿನಂತಾಯಿತು. ಬಿಸಾಡಲು ಮನಸ್ಸಾಗದೆ ಕಾಲೊರೆಸು ಮಾಡಿಕೊಂಡಳು. ಲಾಂಡ್ರಿಗೆ ಸೇರಿದ್ದೂ ಆ ತಪ್ಪು ಮನಸ್ಸು ಚುಚ್ಚುತ್ತಿದ್ದುದಕ್ಕೇ. "ನನ್ನದನ್ನ ಮುಟ್ಟಿದ್ರೆ ನೋಡು" ಎಂದಿದ್ದ ಅಕ್ಕ ಮಾತ್ರ ಮೂವತ್ತು ವರ್ಷವಾದರೂ ಪಟ್ಟು ಸಡಿಲಿಸಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಅಳಿಯ ಪೇಪರ್ ಓದುತ್ತ ಕಾಲು ಚಾಚಿದ, ಚಹಾದ ಕೆಟಲು ಕಂಬಳಿಯ ಮೇಲೆ ಉರುಳಿತು. ಗದ್ದಲ ಕೇಳಿ ಚಿಕ್ಕಮ್ಮ ಓಡಿ ಬಂದಾಗ ಅಕ್ಕ ಬಿಸಿನೀರಿನ ಬಕೆಟ್ಟು, ಬ್ರಷ್ಷು ಹಿಡಿದು ನಿಂತಿದ್ದಳು.

"ಅಕ್ಕಾ, ಬಕೆಟ್ ಕೆಳಗಿಡು!"

"ನೀನು ದೂರ ನಿಲ್ಲು. ಒಂದನ್ನ ಹಾಳು ಮಾಡಿದ್ದು ಸಾಲ್ದಾ?"

"ಹಾಳು ಮಾಡಿದ್ದು ಇದೇ ಬಿಸಿನೀರಲ್ಲಿ ಕಣಕ್ಕಾ!"

ಅಕ್ಕನ ಕೈ ತಡೆದು ನಿಂತಿತು. "ನೀನು ತೊಳೆದೂ ಕುಗ್ಗಿದ್ರೆ?"

"ಒಂದು ಬೆರಳು ಕುಗ್ಗಿದ್ರೂ ನಿನ್ನ ಹೊಸಿಲು ತುಳಿಯಲ್ಲ."

ಹೇಳಿ ಆದ ಮೇಲೆ ಚಿಕ್ಕಮ್ಮನಿಗೆ ಆ ಮಾತಿನ ಭಾರ ಹೊಳೆಯಿತು. ಇರುವವಳು ಒಬ್ಬಳೇ ಅಕ್ಕ.

ಅಕ್ಕ ಬಕೆಟ್ಟು ಕೆಳಗಿಟ್ಟಳು. ಚಿಕ್ಕಮ್ಮ ಟೇಪು ಹಿಡಿದು ಕಂಬಳಿಯ ಉದ್ದ ಅಳೆದಳು: ಏಳಡಿ ಎರಡಂಗುಲ. ಒಣಬಟ್ಟೆಗಳ ಮೇಲೆ ಮಂಡಿಯೂರಿ ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ತಣ್ಣೀರಿಗೆ ಚೂರು ವಿನೆಗರ್ ಬೆರೆಸಿ, ಬಿಳಿ ಕರವಸ್ತ್ರ ಅದ್ದಿ, ಮೊದಲು ಒಂದು ಮೂಲೆಯ ಕೆಂಪಿನ ಮೇಲೆ ಇಟ್ಟು ನೋಡಿದಳು. ಬಣ್ಣ ಬಿಡಲಿಲ್ಲ. ಆಮೇಲೆ ಕಲೆಯ ಅಂಚಿನಿಂದ ನಡುವಿನವರೆಗೆ ಅದ್ದುವುದು, ಒತ್ತುವುದು, ಮತ್ತೆ ಅದ್ದುವುದು. ಮಧ್ಯಾಹ್ನದ ಹೊತ್ತಿಗೆ ಸೊಂಟ ಬಿದ್ದುಹೋಗಿತ್ತು.

"ಬಿಸಿಲಿಗೆ ಹಾಕಿದ್ರೆ ಬೇಗ ಒಣಗಲ್ವಾ?" ಎಂದ ಅಳಿಯ.

"ನಿಮ್ಮನ್ನೇ ಹಾಕ್ತೀನಿ ಬಿಸಿಲಿಗೆ, ಸುಮ್ನಿರಿ ಅಳಿಯಂದ್ರೇ."

ನೆರಳಲ್ಲಿ, ಕೆಳಗೂ ಗಾಳಿಯಾಡುವಂತೆ ನಾಲ್ಕು ಕುರ್ಚಿಗಳ ಮೇಲೆ ಹರಡಿದರು. ಮರುದಿನ ಸಂಜೆ ಟೇಪು ಹಿಡಿದವಳು ಅಕ್ಕ. ಒಂದು ಸಲ ಅಳೆದಳು. ನಂಬಿಕೆಯಾಗದೆ ಇನ್ನೊಂದು ಸಲ ಅಳೆದಳು. ಏಳಡಿ ಎರಡಂಗುಲ! ಕಲೆ ಹೇಳಹೆಸರಿಲ್ಲದಂತೆ ಹೋಗಿತ್ತು. ಬಿಳಿ ಅಂಚು ಬೆಳ್ಳಗೇ ಇತ್ತು. ಚಿಕ್ಕಮ್ಮನಿಗೆ ಕುಣಿಯಬೇಕೆನಿಸಿತು, ಸೊಂಟ ಒಪ್ಪಲಿಲ್ಲ.

ಅಕ್ಕ ಹೊರಗೆ ಹೋದಳು. ತಂಗಿಯ ಬಾಗಿಲಲ್ಲಿದ್ದ ಕಾಲೊರೆಸನ್ನು ಎತ್ತಿ, ಧೂಳು ಕೊಡವಿ ತಂದು ತನ್ನ ಕಂಬಳಿಯ ಪಕ್ಕದಲ್ಲಿ ಹಾಸಿದಳು.

"ಇನ್ಮೇಲೆ ಇದನ್ನ ಬಾಗಿಲಿಗೆ ಹಾಕ್ಬೇಡ. ನಂದನ್ನ ಉಳಿಸಿದ್ದು ಇದೇ."

ಚಿಕ್ಕಮ್ಮನ ಕಣ್ಣು ತುಂಬಿ ಬಂತು. ಮುಂಗೈಯಿಂದ ಗಸಗಸ ಒರೆಸಿಕೊಳ್ಳತೊಡಗಿದಳು.

"ಉಜ್ಬೇಡ್ವೇ," ಎಂದು ಅಕ್ಕ ಕರವಸ್ತ್ರ ಚಾಚಿದಳು, "ಒತ್ಕೋ."