ವಾಲಗ ಕೇಳಿದ ಕೈ

ನನಗೆ ಕೋಪ ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕೆಲಸ ಸಿಕ್ಕಿದ್ದೇ ಅದರಿಂದ. ಪಿಯುಸಿಯಲ್ಲಿ ಸೈನ್ಸ್, ಆಮೇಲೆ ಮೈಸೂರಿನಲ್ಲಿ ಡಯಾಲಿಸಿಸ್ ಟೆಕ್ನಾಲಜಿ ಡಿಪ್ಲೊಮಾ, ದೊಡ್ಡ ಆಸ್ಪತ್ರೆಯೊಂದರಲ್ಲಿ ಇಂಟರ್ನ್‌ಶಿಪ್, ಕೊನೆಗೆ ಪ್ಯಾರಾಮೆಡಿಕಲ್ ಬೋರ್ಡಿನ ನೋಂದಣಿ. ಎಲ್ಲವನ್ನೂ ಫೈಲಿಗೆ ಸೇರಿಸಿಕೊಂಡು ದಕ್ಷಿಣ ಕೊಡಗಿನ ಒಂದು ಆಸ್ಪತ್ರೆಗೆ ಸಂದರ್ಶನಕ್ಕೆ ಹೋಗಿದ್ದೆ. ಡಯಾಲಿಸಿಸ್ ವಾರ್ಡಿನ ಹಿರಿಯ ಟೆಕ್ನಿಷಿಯನ್ ಫೈಲನ್ನು ತಿರುವಿ ನೋಡಿ ಪಕ್ಕಕ್ಕಿಟ್ಟರು. ಮನೆಯಲ್ಲಿ ಮಲಯಾಳ ಮಾತನಾಡುವವರು, ಕನ್ನಡವನ್ನೂ ಅದೇ ರಾಗದಲ್ಲಿ ಆಡುತ್ತಿದ್ದರು. ಹುಡುಗಿಯರೆಲ್ಲ ಅವರಿಗೆ ಮೋಳೆ, ಅಂದರೆ ಮಗಳು.

"ಇದೆಲ್ಲ ಸರಿ ಮೋಳೆ. ನಿಂಗೆ ಕೋಪ ಬರ್ತದಾ?"

"ಬರುತ್ತೆ ಸರ್," ಎಂದೆ. ಅಂದು ಬಸ್ಸಿನಲ್ಲಿ ಯಾರೋ ನನ್ನ ಕಾಲು ತುಳಿದಿದ್ದರು, ಸುಳ್ಳು ಹೇಳುವ ಮನಸ್ಥಿತಿಯಲ್ಲಿ ನಾನಿರಲಿಲ್ಲ.

"ಒಳ್ಳೇದಾಯ್ತು. ನನ್ಗೆ ಬೈಯ್ಯಕ್ಕೆ ಬರೋದಿಲ್ಲ. ಇಲ್ಲಿ ಎಲ್ರೂ ಕದ್ದು ನೀರು ಕುಡ್ಕೊಂಡು ಬರ್ತಾರೆ."

ನಮ್ಮದು ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆಯುವ ಮನೆ. ಹಾಸನದ ಕಡೆಯಿಂದ ಅಜ್ಜನ ಕಾಲದಲ್ಲಿ ಬಂದು ನೆಲೆಸಿದವರು. ಕೆಲಸ ಸಿಕ್ಕಿತೆಂದು ಹೇಳಿದಾಗ ಅವ್ವ ಒಲೆಯ ಮುಂದೆಯೇ ಕೂತು ವಿಚಾರಣೆ ಶುರು ಮಾಡಿದಳು. "ರಕ್ತ ತೊಳ್ಯಾದು ಅಂದ್ರೆ ಹೆಂಗೇ? ಬಟ್ಟೆ ಒಗ್ದಂಗಾ?"

"ಹೂಂ ಕಣವ್ವ, ಒಗ್ದಂಗೇ. ಆದ್ರೆ ಬಣ್ಣ ಮಾತ್ರ ಹೋಗ್ಬಾರ್ದು."

ಅವ್ವ ಮೆಣಸಿನಪುಡಿ ಮಾಡಿಸಲು ಮಿಲ್ಲಿಗೆ ಹೋದಾಗಲೆಲ್ಲ "ನನ್ ಮಗ್ಳು ರಕ್ತ ಒಗೀತಾಳೆ" ಎಂದು ಹೆಮ್ಮೆಯಿಂದ ಹೇಳುತ್ತಾಳೆ. ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರಂತೆ. ನಾನು ತಿದ್ದಲು ಹೋಗಿಲ್ಲ, ಅವಳು ಹೇಳುವುದರಲ್ಲಿ ತಪ್ಪೇನಿದೆ?

ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಹೊರಗೆ ತಂದು, ಯಂತ್ರದಲ್ಲಿ ಶುದ್ಧಮಾಡಿ ಹಿಂದಕ್ಕೆ ಕಳಿಸುವುದು ನಮ್ಮ ಕೆಲಸ. ಅದಕ್ಕೆ ಬೇಕಾದದ್ದನ್ನೆಲ್ಲ ಪುಸ್ತಕದಲ್ಲಿ ಓದಿದ್ದೆ. ಆದರೆ ಕೈಗೆ ಬಂದದ್ದು ಇಲ್ಲಿಯೇ. ಯಂತ್ರಕ್ಕೆ ಹೋಗುವ ನೀರನ್ನು ಬೆಳಿಗ್ಗೆಯೇ ಪರೀಕ್ಷಿಸಬೇಕು. ನಳಿಕೆಗಳಲ್ಲಿ ಸಲೈನ್ ಹರಿಸಿ, ತಟ್ಟಿ ತಟ್ಟಿ ಗಾಳಿಯ ಗುಳ್ಳೆಗಳನ್ನೆಲ್ಲ ಓಡಿಸಬೇಕು. ನೀರನ್ನು ಅಳತೆಯಲ್ಲೇ ಕುಡಿಯಬೇಕಾದವರು ಇವರು; ಬಂದವರನ್ನು ತೂಗಿ, ಮೈಯಲ್ಲಿ ಎಷ್ಟು ನೀರು ತುಂಬಿದೆ, ಎಷ್ಟನ್ನು ತೆಗೆಯಬಹುದು ಎಂದು ಲೆಕ್ಕ ಹಾಕಬೇಕು. ತೂಕದ ಯಂತ್ರದ ಮುಂದೆ ನಿಂತಾಗ ಒಬ್ಬೊಬ್ಬರದೂ ಒಂದೊಂದು ಕಥೆ. "ಸ್ವೆಟರ್ ಭಾರ ಅಕ್ಕ" ಅನ್ನುವವರೊಬ್ಬರು, "ಬೆಳಿಗ್ಗೆ ಕಡುಬು ತಿಂದೆ, ಅದೇ ಇರ್ಬೇಕು" ಅನ್ನುವವರೊಬ್ಬರು. ಕಡುಬು ಎರಡು ಕಿಲೋ ತೂಗುತ್ತದೆಯೇ ಎಂದು ಕೇಳಿದರೆ ನಗುತ್ತಾರೆ. ಅವರು ನಕ್ಕರೆ ನನ್ನ ಕೋಪ ಉಳಿಯುವುದಿಲ್ಲ, ಅದು ಅವರಿಗೂ ಗೊತ್ತು.

ಆದರೆ ಎಲ್ಲಕ್ಕಿಂತ ದೊಡ್ಡ ವಿದ್ಯೆ ಬೆರಳ ತುದಿಯದು. ಡಯಾಲಿಸಿಸ್‌ಗೆಂದು ತೋಳಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎರಡು ರಕ್ತನಾಳಗಳನ್ನು ಜೋಡಿಸಿರುತ್ತಾರೆ. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ರಕ್ತ ರಭಸವಾಗಿ ಹರಿಯುವುದರಿಂದ ಅದರ ಮೇಲೆ ಬೆರಳಿಟ್ಟರೆ ಜುಂಯ್ ಎನ್ನುತ್ತದೆ. ಚಿಕ್ಕಂದಿನಲ್ಲಿ ಜೀರುಂಡೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಹಿಡಿದುಕೊಳ್ಳುತ್ತಿದ್ದೆವಲ್ಲ, ಹಾಗೆ. ಜುಂಯ್ ಇದ್ದರೆ ದಾರಿ ತೆರೆದಿದೆ ಎಂದರ್ಥ. ಅದು ನಿಂತರೆ ಆ ಕೈ ಮುಗಿಯಿತು. ಸೂಜಿ ಚುಚ್ಚುವ ಮೊದಲು ಕಣ್ಣು ಮುಚ್ಚಿ ಆ ದಾರಿಯನ್ನು ಬೆರಳಿನಿಂದ ಓದಬೇಕು.

ನನ್ನನ್ನು ಓದಲು ಬಿಡದವರು ಒಬ್ಬರೇ, ಕಕ್ಕಬೆ ಕಡೆಯ ಒಬ್ಬ ಕೊಡವ ಅಜ್ಜಿ. ಮೊಮ್ಮಗ ಜೀಪಿನಲ್ಲಿ ಕರೆದುಕೊಂಡು ಬರುತ್ತಿದ್ದ. ತಲೆಗೆ ವಸ್ತ್ರ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ವಾರ್ಡಿನೊಳಗೆ ಬಂದರೆಂದರೆ ತಪಾಸಣೆಗೆ ಬಂದವರಂತೆಯೇ ಕಾಣುತ್ತಿದ್ದರು. ಅವರ ಬಲಗೈಯ ಫಿಸ್ಟುಲಾ ಹಿಂದೆಯೇ ಮುಚ್ಚಿಹೋಗಿತ್ತು, ಉಳಿದದ್ದು ಎಡಗೈ ಮಾತ್ರ. ನಾನು ಸೂಜಿ ಹಿಡಿದು ಹತ್ತಿರ ಹೋದರೆ ಸೆರಗಿನೊಳಗೆ ಕೈ ಅಡಗಿಸಿಕೊಳ್ಳುತ್ತಿದ್ದರು.

"ನೀನು ಬೇಡ ಕುಂಞಿ. ಕಲಿಯೋರಿಗೆ ಬಾಳೆದಿಂಡು ಉಂಟು, ಅದಕ್ಕೆ ಚುಚ್ಚು. ನನ್ನ ಕೈಗೆ ನಿನ್ನ ಹಿರಿಯರೇ ಹಾಕಲಿ." ಕುಂಞಿ ಎಂದರೆ ಅವರ ಭಾಷೆಯಲ್ಲಿ ಮಗು. ಡಿಪ್ಲೊಮಾ ಮಾಡಿದವಳು ನಾನು, ಮಗುವಂತೆ!

ಆ ಕೈ ಯಾಕೆ ಅಷ್ಟು ಜೋಪಾನ ಎಂಬುದು ಅವರ ಮೊಮ್ಮಗನ ಮದುವೆ ನಿಶ್ಚಯವಾದ ಮೇಲೆ ಗೊತ್ತಾಯಿತು. ಕೊಡವರ ಮದುವೆಯಲ್ಲಿ ಗಂಗಾಪೂಜೆ ಎಂದು ಒಂದು ಶಾಸ್ತ್ರವಿದೆ. ಮದುಮಗಳು ತಲೆಯ ಮೇಲೆ ನೀರಿನ ಬಿಂದಿಗೆ ಹೊತ್ತು ಬರಬೇಕು. ಗಂಡಿನ ಕಡೆಯವರು ವಾಲಗದ ಲಯಕ್ಕೆ ಎರಡೂ ಕೈ ಎತ್ತಿ ಕುಣಿಯುತ್ತಾ ಅವಳ ದಾರಿಗೆ ಅಡ್ಡ ನಿಲ್ಲುತ್ತಾರೆ. ಅವರು ಬಿಡುವವರೆಗೆ ಅವಳು ನೀರು ಚೆಲ್ಲದೆ ನಿಂತಿರಬೇಕು. ಬರುವ ಸೊಸೆಯ ತಾಳ್ಮೆ ನೋಡುವ ಆಟ ಅದು.

"ನನ್ನ ಮದುವೆಯಲ್ಲಿ ನನ್ನ ಗಂಡನ ಅಜ್ಜಿ ಮುಂದೆ ನಿಂತು ಕುಣಿದದ್ದು ನೋಡಬೇಕಿತ್ತು ನೀನು," ಎಂದು ಅಜ್ಜಿ ಒಂದು ದಿನ ಯಂತ್ರಕ್ಕೆ ತಗುಲಿಕೊಂಡು ಮಲಗಿದ್ದಾಗ ಹೇಳಿದರು. "ಮುದುಕಿ ಬಿಡಲೇ ಇಲ್ಲ! ನನ್ನ ಕುತ್ತಿಗೆ ಬಿದ್ದೇಹೋಯ್ತು ಅಂದ್ಕೊಂಡೆ. ಆವತ್ತೇ ನಮ್ಮ ದೇವರು ಇಗ್ಗುತ್ತಪ್ಪನಿಗೆ ಹೇಳಿದ್ದೆ, ನನಗೂ ಒಂದು ದಿನ ಕೊಡು ಅಂತ. ಇಷ್ಟು ವರ್ಷ ಆದ ಮೇಲೆ ಈಗ ನನ್ನ ಸರದಿ."

"ಆಯ್ತು ಅಜ್ಜಿ. ಈಗ ಕೈ ಅಲ್ಲಾಡಿಸ್ಬೇಡಿ," ಎಂದೆ. ಅವರ ಕೈ ಸೂಜಿಯ ಸಮೇತ ಆಗಲೇ ಸ್ವಲ್ಪ ಮೇಲೆದ್ದಿತ್ತು.

ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು. ಮದುವೆ ಹತ್ತಿರ ಬಂದ ಖುಷಿಯಲ್ಲಿ ಮೊಮ್ಮಗ ಅಜ್ಜಿಯ ಫೋನಿಗೆ ರಿಂಗ್‌ಟೋನ್ ಬದಲಾಯಿಸಿಕೊಟ್ಟಿದ್ದ. ಏನು ಹಾಕಬೇಕು? ವಾಲಗವನ್ನೇ ಹಾಕಿದ್ದಾನೆ ಪುಣ್ಯಾತ್ಮ! ಕೊಡವರಿಗೆ ವಾಲಗ ಕೇಳಿಸಿದರೆ ಕೈ ಮೇಲೇಳದೆ ಇರುವುದಿಲ್ಲ. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮಧ್ಯಾಹ್ನ ಅಜ್ಜಿ ತೂಕಡಿಸುತ್ತಿದ್ದರು. ಯಾರೋ ಫೋನ್ ಮಾಡಿದರು. ದಿಂಬಿನ ಕೆಳಗೆ ಡೋಲು, ಕೊಂಬು ಎಲ್ಲ ಒಟ್ಟಿಗೆ ಮೊಳಗಿದವು. ಅಜ್ಜಿ ಕಣ್ಣು ಬಿಡುವುದಕ್ಕೂ ಮೊದಲು ಎರಡೂ ಕೈ ಭುಜದ ಮಟ್ಟಕ್ಕೆ ಎದ್ದುಬಿಟ್ಟವು.

ಯಂತ್ರ ಕೂಗಿಕೊಂಡಿತು. ಒಂದು ಸೂಜಿ ನಾಳದ ಗೋಡೆಯನ್ನು ದಾಟಿತ್ತು. ನಾವು ನೋಡುತ್ತಿದ್ದಂತೆಯೇ ತೋಳು ಊದಿ ನೀಲಿಗಟ್ಟಿತು. ಹಿರಿಯ ಟೆಕ್ನಿಷಿಯನ್ ಪಂಪ್ ನಿಲ್ಲಿಸಿ, ಹೊರಗಿದ್ದ ರಕ್ತವನ್ನು ಇನ್ನೊಂದು ಸೂಜಿಯಿಂದ ಹಿಂದಿರುಗಿಸಿದರು. ನಾನು ತೋಳನ್ನು ಒತ್ತಿ ಹಿಡಿದು ಐಸ್ ಇಟ್ಟೆ. ಕೈ ಕೆಲಸ ಮಾಡುತ್ತಿತ್ತು, ಬಾಯಿಯೂ ಸುಮ್ಮನಿರಲಿಲ್ಲ.

"ಏನಜ್ಜಿ ನೀವು! ಇರೋದೊಂದು ಕೈ. ಅದನ್ನೂ ಕಳ್ಕೊಂಡು ಮದ್ವೇಲಿ ಏನ್ ಮಾಡ್ತೀರಾ? ಫೋನ್ ತರಬೇಡಿ ಅಂದ್ರೆ ತರ್ತೀರಾ, ಅಲ್ಲಾಡ್ಬೇಡಿ ಅಂದ್ರೆ ಕುಣೀತೀರಾ!"

ಅಜ್ಜಿ ತೋಳನ್ನು ಒತ್ತಿ ಹಿಡಿದ ನನ್ನ ಕೈಯನ್ನೇ ನೋಡುತ್ತಿದ್ದರು. ಮೊಮ್ಮಗ ಬಾಗಿಲಲ್ಲಿ ನಿಂತು "ತಾಯೀ" ಎಂದ. ಅವರ ಮನೆಗಳಲ್ಲಿ ಅಜ್ಜಿಯನ್ನು ಹಾಗೆಯೇ ಕರೆಯುವುದು. ಅವನ ಮುಖ ನೋಡಿ ಅವನಿಗೆ ಬೈಯ್ಯಬೇಕೆಂದುಕೊಂಡದ್ದನ್ನು ನುಂಗಿಕೊಂಡೆ.

ಡಾಕ್ಟರು ಬಂದು ನೋಡಿದರು. ಊತ ಇಳಿಯಬೇಕು, ಜುಂಯ್ ಉಳಿಯಬೇಕು. ಮುಂದಿನ ಸರದಿಯಲ್ಲಿ ಈ ಕೈ ಸೂಜಿ ತೆಗೆದುಕೊಂಡರೆ ಸರಿ. ಇಲ್ಲದಿದ್ದರೆ ಕುತ್ತಿಗೆಯ ಬಳಿ ನಳಿಕೆ ಹಾಕಬೇಕು, ಆಗ ಸೋಂಕಿನ ಭಯವಿರುತ್ತದೆ; ಮದುವೆಯ ಜನಜಂಗುಳಿ, ಕುಣಿತ ಯಾವುದೂ ಇಲ್ಲ. ಅಜ್ಜಿ ಎಲ್ಲ ಕೇಳಿಸಿಕೊಂಡು ಡಾಕ್ಟರಿಗೆ ಒಂದೇ ಮಾತು ಹೇಳಿದರು, "ನನ್ನ ಸರದಿ ಹೋಗ್ತದಲ್ಲ." ಅವರ ಧ್ವನಿ ಸಣ್ಣದಾದದ್ದು ಕೇಳಿ ನನಗೆ ಅಳು ಬಂದುಬಿಟ್ಟಿತು. ನೀರಿನ ಯಂತ್ರ ನೋಡಿ ಬರುತ್ತೇನೆಂದು ಹೊರಗೆ ಹೋದೆ.

ಅವರು ಮತ್ತೆ ಬರುವವರೆಗೆ ನನಗೆ ಸಮಾಧಾನವಿಲ್ಲ. ಬಸ್ಸಿನಲ್ಲಿ ಕೂತರೂ ಅದೇ ಯೋಚನೆ. ಅವ್ವ ಬಡಿಸಿದ ಮುದ್ದೆ ತಣ್ಣಗಾಯಿತು. "ಯಾರ ಮನೆ ಮದ್ವೆಗೆ ನೀನ್ಯಾಕೆ ಹಿಂಗೆ ಸೊರಗೀಯೆ?" ಎಂದು ಅವಳು ಗದರಿದಳು. ಕುಣಿಯುವುದಕ್ಕೆ ಒಬ್ಬರ ಕೈ ಉಳಿಯಬೇಕು ಕಣವ್ವ ಎಂದರೆ ಅವಳಿಗೆ ಹೇಗೆ ಅರ್ಥವಾಗಬೇಕು? ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಕುಣಿಯುವುದಿಲ್ಲ, ಕೂತು ಸೀರೆ ನೋಡುತ್ತೇವೆ.

ಅಜ್ಜಿ ಬಂದರು. ಮೊದಲು ತೂಗಿದೆ. ಹಿಂದಿನ ಸಲ ಚಿಕಿತ್ಸೆ ಅರ್ಧಕ್ಕೆ ನಿಂತಿದ್ದರೂ ತೂಕ ಹೆಚ್ಚೇನೂ ಏರಿರಲಿಲ್ಲ. ಕದ್ದು ಒಂದು ಗುಟುಕು ಕಾಫಿಯನ್ನೂ ಕುಡಿದಿಲ್ಲವೆಂದು ಮೊಮ್ಮಗ ಸಾಕ್ಷಿ ಹೇಳಿದ. ಕಾಫಿತೋಟದ ಒಡತಿ ಕಾಫಿ ಬಿಟ್ಟಿದ್ದಾರೆಂದರೆ ಎಷ್ಟು ಹೆದರಿದ್ದರೋ! ಹಿರಿಯರು ತೋಳಿನ ಮೇಲೆ ಕೈಯಿಟ್ಟರು. ಊತ ಪೂರ್ತಿ ಇಳಿದಿರಲಿಲ್ಲ. ಅವರು ಸೂಜಿಗೆ ಕೈಚಾಚಿದರು.

"ನೀವು ಬೇಡ," ಎಂದರು ಅಜ್ಜಿ. "ಆ ಬೈಯ್ಯೋ ಹುಡುಗಿ ಹಾಕಲಿ."

ನಾನು ನಂಬಲಿಲ್ಲ. "ನಾನಾ? ಬಾಳೆದಿಂಡು ಉಂಟಲ್ಲ ಅಜ್ಜಿ ನಂಗೆ?"

"ಎಲ್ಲರೂ ಆವತ್ತು ನನ್ನ ಮುಖ ನೋಡಿ ಪಾಪ ಪಾಪ ಅಂತಿದ್ರು. ನೀನೊಬ್ಬಳು ಬೈದೆ. ಬೈಯ್ಯುವಾಗಲೂ ನೀನು ಒತ್ತಿ ಹಿಡಿದ ಕೈ ನಡುಗಲಿಲ್ಲ, ನಾನು ನೋಡಿದ್ದೇನೆ. ಬಾ, ಹಾಕು."

ಹಿರಿಯರು ನಗುತ್ತಾ ಕುರ್ಚಿ ಬಿಟ್ಟುಕೊಟ್ಟರು. ನಾನು ಕೂತೆ, ಕಣ್ಣು ಮುಚ್ಚಿದೆ. ಊದಿದ ಜಾಗದಲ್ಲಿ ಏನೂ ಸಿಗಲಿಲ್ಲ. ಬೆರಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದೆ, ಇನ್ನೂ ಸ್ವಲ್ಪ ಮೇಲಕ್ಕೆ. ಅಲ್ಲಿತ್ತು! ಸಣ್ಣಗೆ, ಆದರೆ ನಿಲ್ಲದೆ, ಜುಂಯ್ ಜುಂಯ್.

"ಇದೆ ಸರ್," ಎಂದೆ. ವಾರ್ಡಿನಲ್ಲಿದ್ದ ಎಲ್ಲರೂ ನನ್ನ ಕಡೆ ತಿರುಗಿದ್ದರು. ಊತದಿಂದ ದೂರದಲ್ಲಿ ಜಾಗ ಆರಿಸಿ ಸೂಜಿ ಇಳಿಸಿದೆ. ನಳಿಕೆಯಲ್ಲಿ ಕೆಂಪು ಚಿಮ್ಮಿತು. ಎರಡನೆಯದೂ ಹಾಗೆಯೇ ಸಲೀಸಾಗಿ ಹೋಯಿತು. ಯಂತ್ರ ತಿರುಗತೊಡಗಿತು, ಯಾವ ಕೂಗೂ ಇಲ್ಲ. ಪಕ್ಕದ ಹಾಸಿಗೆಯವರು ಸೂಜಿಯಿಲ್ಲದ ಕೈಯಿಂದ ಹಾಸಿಗೆ ತಟ್ಟಿದರು. ನನಗೆ ಎದ್ದು ಕುಣಿಯಬೇಕೆನಿಸಿತು, ಬರುತ್ತಿದ್ದರೆ.

ಅಜ್ಜಿ ಎಡಗೈಯನ್ನು ಕಲ್ಲಿನಂತೆ ಇಟ್ಟುಕೊಂಡು ಮಲಗಿದ್ದರು. "ನೋವಾಯ್ತಾ?" ಎಂದು ಕೇಳಿದೆ.

"ಸುಮ್ಮನಿರು, ಮಾತಾಡಿಸಬೇಡ. ಅಲ್ಲಾಡಿದರೆ ನೀನು ಬೈತೀಯ."

ಮದುವೆಗೆ ಡಾಕ್ಟರು ಒಪ್ಪಿದರು, ಒಂದು ಷರತ್ತಿನ ಮೇಲೆ. ಎಡಗೈ ಎತ್ತಬಾರದು, ಜನರ ನೂಕಿಗೆ ಸಿಗಬಾರದು. ಆ ಷರತ್ತನ್ನು ಕಾಯುವ ಕೆಲಸವನ್ನು ಅಜ್ಜಿ ನನಗೇ ವಹಿಸಿದರು. ರಜೆ ಹಾಕಿ, ಅವ್ವನ ರೇಷ್ಮೆ ಸೀರೆ ಉಟ್ಟುಕೊಂಡು, ಗೋಣಿಕೊಪ್ಪಲಿನಲ್ಲಿ ಇಳಿದೆ. ಮೊಮ್ಮಗ ಮದುಮಗನಾಗಿದ್ದರಿಂದ ಜೀಪಿನಲ್ಲಿ ಅವನ ಗೆಳೆಯ ಬಂದಿದ್ದ.

ಊಟ ಮುಗಿದು ಗಂಗಾಪೂಜೆಯ ಹೊತ್ತಾಯಿತು. ಕೆಂಪು ಸೀರೆಯ ಮದುಮಗಳು ಬಿಂದಿಗೆ ಹೊತ್ತು ಬಂದಳು. ವಾಲಗ ಶುರುವಾಯಿತು. ಕಪ್ಪು ನಿಲುವಂಗಿ ತೊಟ್ಟ ಗಂಡಸರು, ಕೊಡವ ಸೀರೆಯ ಹೆಂಗಸರು, ಎಲ್ಲರ ಕೈಗಳೂ ಎದ್ದವು. ಅಜ್ಜಿ ಎಲ್ಲರನ್ನೂ ಸರಿಸಿ ನೇರ ಮದುಮಗಳ ಮುಂದೆ ಹೋಗಿ ನಿಂತರು. ಬಲಗೈ ಮೇಲೆ ಹೋಯಿತು. ಎಡಗೈ ಎದ್ದೀತೆಂದು ನಾನು ಓಡಿಹೋಗಿ ಅದನ್ನು ಎರಡೂ ಕೈಯಲ್ಲಿ ಮೆತ್ತಗೆ ಹಿಡಿದುಕೊಂಡೆ. ಅವರು ಹೆಜ್ಜೆ ಹಾಕತೊಡಗಿದರು. ನಾನು ಮರದಂತೆ ನಿಂತಿದ್ದೆ.

"ಏನು ಕಂಬದ ಹಾಗೆ?" ಎಂದು ಗದರಿದರು. "ಕೈ ಹಿಡ್ಕೊ, ಬೇಡ ಅನ್ನಲಿಲ್ಲ. ನಿನ್ನ ಕಾಲಿಗೇನು ಸೂಜಿ ಹಾಕಿದ್ದಾರಾ?"

"ನನಗೆ ಬರಲ್ಲ ಅಜ್ಜಿ. ನೆಲಾನೂ ಸರಿ ಇಲ್ಲ."

"ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ಕುಣಿ!"

ಕುಣಿದೆ. ಕುಣಿದೆ ಎನ್ನುವುದಕ್ಕಿಂತ ತಡವರಿಸಿದೆ ಎನ್ನಬೇಕು. ಸುತ್ತಲಿದ್ದವರು ನಕ್ಕರು, ಮದುಮಗಳಿಗೂ ನಗು ತಡೆಯಲಾಗದೆ ಬಿಂದಿಗೆಯ ನೀರು ತುಳುಕಿತು. ಡೋಲು ಜೋರಾಯಿತು. ನನ್ನ ಬೆರಳಡಿಯಲ್ಲಿ ಅಜ್ಜಿಯ ತೋಳು ಜುಂಯ್ ಎನ್ನುತ್ತಿತ್ತು, ಹಿಂದೆಂದೂ ಕಾಣದಷ್ಟು ಜೋರಾಗಿ. ಹೊರಗೆ ಡೋಲು, ಒಳಗೆ ಅದು.

ಮದುವೆಮನೆಯ ಹಿರಿಯರೊಬ್ಬರು ಬಂದು, "ಸಾಕು, ಹುಡುಗಿಯ ಕುತ್ತಿಗೆ ನೋಯ್ತದೆ, ದಾರಿ ಬಿಡಿ," ಎಂದರು. ಅಜ್ಜಿ ಏದುಸಿರು ಬಿಡುತ್ತಾ ನನ್ನ ಮುಖ ನೋಡಿದರು. ಮಕ್ಕಳು ಇನ್ನೊಂದು ಮಿಠಾಯಿಗೆ ನೋಡುವ ಹಾಗೆ. ಅಲ್ಲಾಡಬೇಡಿ, ಎತ್ತಬೇಡಿ, ಕುಡಿಯಬೇಡಿ ಎಂದೇ ಇಷ್ಟು ದಿನ ಅವರಿಗೆ ಹೇಳಿದವಳು ನಾನು. ತೋಳಿನ ಮೇಲೆ ಮತ್ತೊಮ್ಮೆ ಬೆರಳಾಡಿಸಿ ನೋಡಿದೆ.

"ದಾರಿ ಬಿಡಬೇಡಿ ಅಜ್ಜಿ," ಎಂದೆ. "ಇನ್ನೊಂದು ಸುತ್ತು."