ಲಿನಕ್ಸಿನ ಮೇಲೆ ಎಲೆಬಳ್ಳಿ ಹಬ್ಬಿಸಿದ್ದು

"ಮೇಡಂ, ನಿಮಗ ಯಾವ ರಿಸಲ್ಟ್ ಬೇಕಾಗೇತಿ ಅಷ್ಟು ಹೇಳ್ರಿ. ತಂದು ಕೊಡ್ತೇನಿ."

ಶಿಗ್ಗಾಂವಿಯಲ್ಲಿ ಪ್ರಬಂಧ ಟೈಪು ಮಾಡಿ, ಅಂಕಿಅಂಶದ ಪಟ್ಟಿಗಳನ್ನೂ ತಯಾರಿಸಿ ಕೊಡುವ ಅಂಗಡಿಯವನು ಹೀಗೆ ಕೇಳಿದಾಗ ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೈಯೆಲ್ಲ ಉರಿದುಹೋಯಿತು. ಆರು ವರ್ಷ ಸವಣೂರಿನ ವೀಳ್ಯದ ಎಲೆಬಳ್ಳಿ ತೋಟಗಳಲ್ಲಿ, ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಕೆಸರು ತುಳಿದು, ಒಂದೊಂದು ಬಳ್ಳಿಯ ಕೊಳೆತ ಎಲೆಗಳನ್ನು ಎಣಿಸಿ ಬರೆದುಕೊಂಡವಳು ನಾನು. ಇವನು ನೋಡಿದರೆ ಸಾದಾ ಬೇಕೋ ಮಸಾಲೆ ಬೇಕೋ ಎಂದು ಹೋಟೆಲಿನವನಂತೆ ಕೇಳುತ್ತಾನಲ್ಲ! "ನನ್ನ ಲೆಕ್ಕ ನಾನ ಮಾಡ್ಕೋತೇನಿ, ಕೊಡ್ರಿ ಇಲ್ಲಿ" ಎಂದು ಪೆನ್‌ಡ್ರೈವ್ ಕಿತ್ತುಕೊಂಡು ಬಂದೆ. ಬಸ್ಸು ಹಾನಗಲ್ಲಿಗೆ ಬರುವಷ್ಟರಲ್ಲಿ ಸಿಟ್ಟು ಇಳಿದಿತ್ತು. ನಾನೇ ಮಾಡಿಕೊಳ್ಳುತ್ತೇನೆ ಎಂದು ಆಡಿದ ಮಾತು ಮಾತ್ರ ಹಾಗೇ ಕೂತಿತ್ತು.

ನಾನು ಹಾನಗಲ್ಲಿನಲ್ಲಿ ಕಾಲೇಜು ಮಕ್ಕಳಿಗೆ ಸಸ್ಯಶಾಸ್ತ್ರ ಹೇಳುವವಳು. ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಹುಚ್ಚು ಹಿಡಿಯಿತು. ಸವಣೂರಿನಲ್ಲಿ ನಾನು ನೋಡಿದ ತೋಟಗಳಲ್ಲಿ ಬಳ್ಳಿಯನ್ನು ಕೆಲವರು ಚೊಗಚೆ ಗಿಡಕ್ಕೆ ಹಬ್ಬಿಸುತ್ತಾರೆ, ಕೆಲವರು ನುಗ್ಗೆ ಗಿಡಕ್ಕೆ. ನುಗ್ಗೆಗೆ ಹಬ್ಬಿಸಿದರೆ ಕೊಳೆರೋಗ ಕಡಿಮೆ ಎಂಬುದು ನನ್ನ ವಾದ. ವಾದವೇನು ಬಂತು, ನಂಬಿಕೆಯೇ ಆಗಿಬಿಟ್ಟಿತ್ತು. ಎರಡು ಸೆಮಿನಾರಿನಲ್ಲಿ ಇದನ್ನೇ ಗಟ್ಟಿ ದನಿಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಅದನ್ನು ಅಂಕಿಗಳಿಂದ ಸಾಧಿಸಿ ತೋರಿಸುವುದೊಂದೇ ಬಾಕಿ.

ನನ್ನ ಮಾರ್ಗದರ್ಶಕರು ಫೋನಿನಲ್ಲಿ ಖಡಾಖಂಡಿತ ಹೇಳಿದರು. "ಸೋಮವಾರ ನನಗ ಪಟ್ಟಿ ಬರಬೇಕ್ರಿ. ಇಲ್ಲಂದ್ರ ನಿಮ್ಮ ನೋಂದಣಿ ರದ್ದಾಕ್ಕೈತಿ. ಮತ್ತ ಮುದತ್ತು ಕೇಳಾಕ ನನಗ ಮಾರಿ ಇಲ್ಲ." ಆಮೇಲೆ ಸಮಾಧಾನದ ಮಾತೂ ಸೇರಿಸಿದರು. "ಅಂಕಿಅಂಶದ ಲೆಕ್ಕ ಮಾಡಾಕ ಆರ್ ಅಂತ ಒಂದು ಸಾಫ್ಟ್‌ವೇರ್ ಐತಿ. ಫುಕಟ್ ಸಿಗತೈತಿ. ಹಾಕ್ಕೊಳ್ಳಾಕ ಹತ್ತು ನಿಮಿಷ ಸಾಕು ಅಂತಾರಪಾ."

ಆ ಹತ್ತು ನಿಮಿಷ ಶನಿವಾರ ಬೆಳಿಗ್ಗೆ ಶುರುವಾಯಿತು.

ನನ್ನ ಲ್ಯಾಪ್‌ಟಾಪ್ ಹಳೆಯದು. ತವರುಮನೆ ಹಿರೇಕೆರೂರಿಗೆ ಹೋದಾಗ ಅಲ್ಲಿಯ ರಿಪೇರಿಯವರು ಅದಕ್ಕೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದರು. "ವೈರಸ್ ಬರಂಗಿಲ್ಲ ಬಿಡ್ರಿ ಅಕ್ಕಾರ" ಎಂದಿದ್ದರು. ಖರೆ, ವೈರಸ್ ಬರಲಿಲ್ಲ. ನನಗೆ ರೂಢಿಯಿದ್ದ ಬೇರೆ ಯಾವುದೂ ಬರಲಿಲ್ಲ. ಅಲ್ಲಿಯವರೆಗೆ ಅದರಲ್ಲಿ ನಾನು ಪತ್ರ ಬರೆದು, ಫೋಟೋ ನೋಡಿ ದಿನ ದೂಡುತ್ತಿದ್ದೆ. ಈಗ ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದು ಆಜ್ಞೆ ಬರೆಯಬೇಕು ಎಂದು ಇಂಟರ್‌ನೆಟ್ಟು ಹೇಳಿತು.

ಬರೆದೆ. ಪಾಸ್‌ವರ್ಡ್ ಕೇಳಿತು. ಹೊಡೆದೆ. ಒಂದು ಅಕ್ಷರವೂ ಮೂಡಲಿಲ್ಲ, ಚುಕ್ಕಿ ಸಹ ಇಲ್ಲ. ಕೀಲಿಮಣೆ ಕೈಕೊಟ್ಟಿತು ಎಂದುಕೊಂಡು ಲ್ಯಾಪ್‌ಟಾಪನ್ನೇ ಬೋರಲು ಹಾಕಿ ಝಾಡಿಸಿದೆ. ಒಂದಿಷ್ಟು ಚುರುಮುರಿ ಉದುರಿತು. ಬಟ್ಟೆಯಿಂದ ಒರೆಸಿ ಮತ್ತೆ ಹೊಡೆದೆ. ಊಹೂಂ. ಕಡೆಗೆ ರಿಪೇರಿಯವರಿಗೇ ಫೋನು ಹಚ್ಚಿದೆ.

"ಅದು ಕಾಣಂಗಿಲ್ರಿ ಅಕ್ಕಾರ. ಆದ್ರ ಒಳಗ ಬೀಳಾಕತ್ತಿರತೈತಿ. ಬರದು ಎಂಟರ್ ಹೊಡೀರಿ."

"ಕಾಣಂಗಿಲ್ಲ ಅಂತ ಮೊದಲ ಹೇಳಾಕ ಏನಾಗಿತ್ತು ಅದಕ್ಕ?"

ಅವರು ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ತಾಪತ್ರಯಕ್ಕೆ ಕಾರಣ ನಾನೇ. ಇಂಟರ್‌ನೆಟ್ಟಿನಲ್ಲಿ ಪ್ರತಿ ಆಜ್ಞೆಯ ಮುಂದೆ ಒಂದು ಡಾಲರ್ ಚಿಹ್ನೆ ಇರುತ್ತದೆ. ಅದು "ಇಲ್ಲಿಂದ ಬರೆಯಿರಿ" ಎಂಬ ಗುರುತು ಮಾತ್ರವಂತೆ. ನಾನು ಶ್ರದ್ಧೆಯಿಂದ ಅದನ್ನೂ ಸೇರಿಸಿ ಬರೆದೆ. ಇಂಥ ಆಜ್ಞೆ ನನಗೆ ಗೊತ್ತಿಲ್ಲ ಎಂದಿತು ಯಂತ್ರ. ನಾನು ಮತ್ತೆ ಅದನ್ನೇ, ಇನ್ನೂ ಜೋರಾಗಿ ಕುಟ್ಟಿದೆ. ಇಂಟರ್‌ನೆಟ್ಟಿನ ಪಂಡಿತರಾದರೂ ದಾರಿ ತೋರಿಸಿದರೇ? ಒಬ್ಬ ಹೀಗೆ ಮಾಡು ಎಂದ. ಇನ್ನೊಬ್ಬ ಹಾಗೆ ಮಾಡಿದರೆ ಕೆಡುತ್ತದೆ ಎಂದ. ಮೂರನೆಯವ ಈ ಲಿನಕ್ಸೇ ಸರಿಯಿಲ್ಲ, ಬೇರೆ ಲಿನಕ್ಸ್ ಹಾಕು ಎಂದ. ಲಿನಕ್ಸಿನಲ್ಲೂ ಇಷ್ಟು ಒಳಪಂಗಡಗಳು ಇವೆಯೆಂದು ನನಗೆ ಗೊತ್ತಾದದ್ದೇ ಆ ಹೊತ್ತಿನಲ್ಲಿ.

ಅಂತೂ ಡಾಲರ್ ಬಿಟ್ಟು ಬರೆಯಬೇಕೆಂದು ತಿಳಿದು, ಮಧ್ಯಾಹ್ನದೊಳಗೆ ಆರ್ ಬಂದು ಕೂತಿತು. ಆದರೆ ನನ್ನ ಲೆಕ್ಕಕ್ಕೆ ಬೇಕಾದ ಒಂದು ಪ್ಯಾಕೇಜನ್ನು ಅದರೊಳಗೆ ಬೇರೆಯಾಗಿ ಹಾಕಬೇಕಿತ್ತು. ಆಜ್ಞೆ ಕೊಟ್ಟೆ. ಸಾಲುಗಳು ದಡದಡ ಮೇಲಕ್ಕೆ ಓಡಿದವು. ನೂರಾರು ಸಾಲು. ನಡುವೆ ಎಲ್ಲೋ "ಎರರ್" ಎಂದು ಕಂಡದ್ದೇ ಕಿಟಕಿ ಮುಚ್ಚಿಬಿಟ್ಟೆ. ಮತ್ತೆ ತೆರೆದು ಅದೇ ಆಜ್ಞೆ. ಮತ್ತೆ ಎರರ್. ಮತ್ತೆ ಮುಚ್ಚಿದೆ. ನಾಲ್ಕನೆಯ ಸಲ ಲ್ಯಾಪ್‌ಟಾಪಿಗೇ ಬೈಯತೊಡಗಿದ್ದೆ.

"ಯಾರ ಮ್ಯಾಲ ಹರಿಹಾಯಾಕತ್ತಿ?" ಎನ್ನುತ್ತ ನಮ್ಮ ಯಜಮಾನರು ಒಳಗೆ ಬಂದರು.

ಇವರು ದಸ್ತಾವೇಜು ಬರೆಯುವವರು. ಖರೀದಿ ಪತ್ರ, ಆಸ್ತಿ ಪಾಲಿನ ವಾಟ್ನಿ ಪತ್ರ ಬರೆದು ಬರೆದು, ಯಾವ ಕಾಗದವನ್ನೂ ಪೂರ್ತಿ ಓದದೆ ಕೆಳಗಿಡದ ರೋಗ ಹತ್ತಿದೆ. ಮದುವೆ ಆಮಂತ್ರಣ ಬಂದರೆ ಪ್ರೆಸ್ಸಿನ ಹೆಸರಿನವರೆಗೂ ಓದುತ್ತಾರೆ. ಮಾತ್ರೆಯ ಡಬ್ಬಿಯೊಳಗಿನ ಚೀಟಿ ಓದಿ ಮುಗಿಯುವವರೆಗೆ ನನ್ನ ತಲೆನೋವು ಕಾಯಬೇಕು. ಮದುವೆಯಾದಾಗಿನಿಂದ ನಾನು ಇದಕ್ಕೆ ಬೈಯುತ್ತಲೇ ಬಂದಿದ್ದೇನೆ.

"ನಿಮಗ ಇದು ತಿಳಿಯಂಗಿಲ್ರಿ, ಹೋಗ್ರಿ" ಎಂದು ಕಿಟಕಿ ಮುಚ್ಚಲು ಹೋದೆ.

"ಏ, ತಡಿ, ಮುಚ್ಚಬ್ಯಾಡ. ಏನ ಬರದೈತಿ ಓದೀ ಏನು?"

"ಎರರ್ ಅಂತ ಬರದೈತಿ. ಮತ್ತೇನ ಓದೂದು?"

ಕುರ್ಚಿ ಎಳೆದುಕೊಂಡು, ಚಶ್ಮಾ ಏರಿಸಿ ಕೂತೇಬಿಟ್ಟರು. "ಖರೀದಿ ಪತ್ರದಾಗ ಮೊದಲ ಮೂರು ಪುಟ ಅಜ್ಜ ಮುತ್ತಜ್ಜನ ಕಥಿ ಇರತೈತಿ. ಕೆಲಸದ ಮಾತು ಕಡೀಕ. ಕೆಳಗಿಂದ ನೋಡೂಣು" ಎಂದು ಪರದೆಗೆ ಬೆರಳು ಹಚ್ಚಿ ತಳದಿಂದ ಓದತೊಡಗಿದರು. ಇವರಿಗೆ ಲಿನಕ್ಸ್ ಎಂದರೆ ಸೋಪಿನ ಹೆಸರೋ ಊರಿನ ಹೆಸರೋ ಗೊತ್ತಿಲ್ಲ. ಓದುವುದೊಂದು ಗೊತ್ತು. ಕೊನೆಯ ಸಾಲುಗಳಿಗಿಂತ ಸ್ವಲ್ಪ ಮೇಲೆ ಬೆರಳು ನಿಂತಿತು.

"ನೋಡಿಲ್ಲೆ. ಒಂದು ಸಾಮಾನು ಸಿಕ್ಕಿಲ್ಲ ಅಂತ ಹೇಳೇತಿ. ಅದರ ಬಾಜೂಕ, ಅದನ್ನ ಮೊದಲ ಹಾಕ್ಕೋ ಅಂತ ಹೆಸರನೂ ಬರದು ಕೊಟ್ಟೈತಿ. ಪಾಪ, ನಾಕು ಸಲ ಹೇಳೇತಿ ನಿನಗ."

ನನ್ನ ಮುಖ ಸಣ್ಣದಾಯಿತು. ಪರೀಕ್ಷೆಯಲ್ಲಿ ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯುವ ಹುಡುಗರನ್ನು ಬಾಯಿಗೆ ಬಂದಂತೆ ಬೈಯುವವಳು ನಾನು.

ಆ ಸಾಮಾನು ಹಾಕಿದೆವು. ಯಂತ್ರ ಇನ್ನೊಂದು ಕೇಳಿತು. ಅದನ್ನೂ ಹಾಕಿದೆವು. ಮೂರನೆಯದು ಕೇಳಿತು. ಇವರು ಒಂದೊಂದರ ಹೆಸರನ್ನೂ ದಸ್ತಾವೇಜಿನ ದುಂಡಕ್ಷರದಲ್ಲಿ ಕಾಗದದ ಮೇಲೆ ಇಳಿಸಿಕೊಂಡರು. ಆಮೇಲೆ ಸಾಲುಗಳು ಬಹಳ ಹೊತ್ತು ಓಡಿದವು. ಒಮ್ಮೊಮ್ಮೆ ಅಲ್ಲೇ ನಿಂತುಬಿಡುತ್ತಿದ್ದವು. ಕೆಟ್ಟುಹೋಯಿತು ಎಂದು ನಾನು ಎರಡು ಸಲ ಮುಚ್ಚಲು ಹೋದೆ. ಎರಡು ಸಲವೂ ಇವರು ನನ್ನ ಕೈ ಹಿಡಿದರು. "ಅದು ತನ್ನ ಕೆಲಸ ಮಾಡಾಕತ್ತೈತಿ. ನೀ ಹೋಗಿ ಚಾ ಮಾಡು" ಎಂದರು. ಚಹಾ ತರುವಷ್ಟರಲ್ಲಿ ಪ್ಯಾಕೇಜು ಕೂತಿತ್ತು. ನಾನು ಕುಣಿಯುವುದೊಂದು ಬಾಕಿ.

ಭಾನುವಾರ ಮುಂಜಾನೆ ಸ್ನಾನ ಮಾಡಿ, ಆರು ವರ್ಷದ ಎಲೆಗಳ ಲೆಕ್ಕವನ್ನೆಲ್ಲ ಅದಕ್ಕೆ ಕೊಟ್ಟೆ. ನುಗ್ಗೆ ಒಂದು ಕಡೆ, ಚೊಗಚೆ ಒಂದು ಕಡೆ. ಎಂಟರ್ ಹೊಡೆದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಉತ್ತರ ಬಂತು.

ವ್ಯತ್ಯಾಸವಿಲ್ಲ.

ನುಗ್ಗೆಗೆ ಹಬ್ಬಿಸಿದ ಬಳ್ಳಿಗೂ ಚೊಗಚೆಗೆ ಹಬ್ಬಿಸಿದ ಬಳ್ಳಿಗೂ ಕೊಳೆರೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಸಲ ನಾನೇ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದೆ. ಅಂಕಿಗಳನ್ನು ಮತ್ತೆ ತಾಳೆ ನೋಡಿದೆ. ಎಲ್ಲೂ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ನಂಬಿಕೆ. ನನಗೆ ಅಳು ಬಂತು, ಅತ್ತುಬಿಟ್ಟೆ. ಆರು ವರ್ಷ ಸ್ವಾಮಿ! ಆ ಕೆಸರು, ಆ ಸೊಳ್ಳೆ, ಆ ಎರಡು ಸೆಮಿನಾರಿನ ಚಪ್ಪಾಳೆ. ಶಿಗ್ಗಾಂವಿಯವನು ಎರಡೇ ತಾಸಿನಲ್ಲಿ ನುಗ್ಗೆಯನ್ನು ಗೆಲ್ಲಿಸಿ ಕೊಡುತ್ತಿದ್ದ ಎಂಬ ಯೋಚನೆಯೂ ಬಂತು. ಸುಳ್ಳು ಯಾಕೆ ಹೇಳಲಿ, ಫೋನು ಕೈಗೆ ತೆಗೆದುಕೊಂಡಿದ್ದೆ.

ಇವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಎಲಿ ಎಣಿಸಿದಾಕಿ ನೀನು. ಏನು ಕಳಸ್ತಿ ಅನ್ನೂದೂ ನಿನಗ ಬಿಟ್ಟದ್ದು" ಎಂದಷ್ಟೇ ಹೇಳಿ ಹೊರಗೆ ಹೋದರು. ಬುದ್ಧಿ ಹೇಳಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಫೋನು ಕೆಳಗಿಟ್ಟೆ. ಆಮೇಲೆ ಪಟ್ಟಿಯನ್ನು ಬಂದ ಹಾಗೆಯೇ ಮಾರ್ಗದರ್ಶಕರಿಗೆ ಕಳಿಸಿದೆ.

ಸೋಮವಾರ ಮಧ್ಯಾಹ್ನ ಅವರ ಫೋನು ಬಂತು.

"ಪಟ್ಟಿ ನೋಡಿದ್ನಿ. ಯಾರ ಕಡೆ ಮಾಡಿಸೀರಿ?"

"ನಾನ ಮಾಡೇನ್ರಿ ಸರ್, ಮನ್ಯಾಗ."

ಆ ಕಡೆ ಹಾಳೆ ಮಗುಚುವ ಸಪ್ಪಳ ಕೇಳಿತು. ನನ್ನ ನೋಂದಣಿ ಹೋಯಿತು ಎಂದುಕೊಂಡೆ.

"ಇಷ್ಟು ವರ್ಷ ಆತು, ನನ್ನ ಕೈಯಾಗ ಎಷ್ಟೋ ಮಂದಿ ಪಿಎಚ್.ಡಿ. ಮಾಡ್ಯಾರ. ಎಲ್ಲಾರದೂ ಅವರು ಅಂದುಕೊಂಡಂಗ ಬಂದೈತ್ರಿ. ನಿಮ್ಮದೊಂದ ಬಂದಿಲ್ಲ." ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು. "ಹೆಂಗ ಬಂದೈತೋ ಹಂಗ ಬರೀರಿ. ನಾ ಸಹಿ ಮಾಡ್ತೇನಿ."