ಜರಡಿ ಅಕ್ಕ ಆರಿಸಿದ ಫ್ಯಾನು

ಕಾರ್ಖಾನೆಯವರಿಗೆಲ್ಲ ಅವಳು ಜರಡಿ ಅಕ್ಕ. ಹನ್ನೊಂದು ವರ್ಷದಿಂದ ಒಂದೇ ಕೋಣೆ, ಒಂದೇ ಕೆಲಸ. ಜ್ಯೂಸ್ ಕಂಪನಿಗಳು ಹಿಂಡಿ ಎಸೆದ ಹಣ್ಣಿನ ಗೊರಟೆಗಳು ಲಾರಿಯಲ್ಲಿ ಬಂದು ಬೀಳುತ್ತವೆ. ಅವನ್ನು ತೊಳೆದು, ಒಣಗಿಸಿ, ಯಂತ್ರಕ್ಕೆ ಹಾಕಿ ಪುಡಿ ಮಾಡುತ್ತಾರೆ. ಪುಡಿ ಮೂರು ಜರಡಿ ದಾಟಬೇಕು. ಕೊನೆಯದು, ಎಲ್ಲಕ್ಕಿಂತ ನುಣ್ಣನೆಯದು, ಇವಳ ಕೈಯಲ್ಲಿ. ಒಂದು ಚಿಟಿಕೆ ತೆಗೆದು ಮಣಿಕಟ್ಟಿನ ಒಳಬದಿಗೆ ಉಜ್ಜಿ, “ಇದು ಮುಖಕ್ಕಾಗುತ್ತೆ, ಇದು ಹಿಮ್ಮಡಿಗೆ” ಎಂದುಬಿಟ್ಟರೆ ಮುಗಿಯಿತು. ಅಳತೆಯ ಯಂತ್ರವೂ ಆಮೇಲೆ ಅದನ್ನೇ ಹೇಳುತ್ತಿತ್ತು.

ಮೊದಲೆಲ್ಲ ಮುಖ ತೊಳೆಯುವ ಕ್ರೀಮುಗಳಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಕಾಳು ಹಾಕುತ್ತಿದ್ದರು. ಅದು ಚರಂಡಿ ಸೇರಿ, ಸಮುದ್ರ ಸೇರಿ, ಮೀನಿನ ಹೊಟ್ಟೆ ಸೇರಿತು. ಗುಲ್ಲೆದ್ದಿತು. ಗಿಡಮರದಿಂದ ಬಂದದ್ದೇ ಬೇಕು ಎಂದಾಯಿತು, ಆ ಕಾಳಿನ ಜಾಗಕ್ಕೆ ಗೊರಟೆಯ ಪುಡಿ ಬಂತು. ಒಳ್ಳೆಯದೇ ಆಯಿತು, ಯಾರು ಬೇಡವೆಂದರು? ಡಬ್ಬಿಯ ಮೇಲೆ ಹಸಿರು ಎಲೆ ಚಿಗುರಿತು. ಆದರೆ ಮೀನಿಗಾಗಿ ಅಷ್ಟೊಂದು ಮರುಗಿದ ಜನರಲ್ಲಿ ಒಬ್ಬರಿಗೂ, ಗೊರಟೆ ಅರೆಯುವವರ ಎದೆಯೊಳಗೆ ಏನು ಹೋಗುತ್ತಿದೆ ಎಂದು ಕೇಳಬೇಕೆನಿಸಲಿಲ್ಲ.

ಜರಡಿ ಕೋಣೆಯಲ್ಲಿ ದೂಳನ್ನು ಹೊರಗೆಳೆಯುವ ದೊಡ್ಡ ಫ್ಯಾನೊಂದಿದೆ. ಮೊದಲ ವರ್ಷ ಅದು ದೂಳಿನ ಜೊತೆಗೆ ನುಣ್ಣನೆಯ ಪುಡಿಯನ್ನೂ ಎಳೆದು ಹಿತ್ತಲಿಗೆ ಉಗುಳುತ್ತಿತ್ತು. ಮೇಸ್ತ್ರಿ ತಲೆ ಚಚ್ಚಿಕೊಂಡ. ಆಗ ಮುಂದೆ ಬಂದವಳು ಇವಳೇ.

“ಹಿಟ್ಟು ಜರಡಿ ಹಿಡಿಯುವಾಗ ಯಾರಾದ್ರೂ ಫ್ಯಾನ್ ಹಾಕ್ತಾರಾ ಅಣ್ಣಾ? ಆರಿಸಿ ಅದನ್ನ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ. ಚೂರೂ ಹೋಗಲ್ಲ.”

ಹಾಗೇ ಮಾಡಿದರು, ಚೂರೂ ಹೋಗಲಿಲ್ಲ. ಯಜಮಾನ ಎಲ್ಲರೆದುರು, “ಓದಿದವರಿಗೆ ಹೊಳೆಯದ್ದು ನಿನಗೆ ಹೊಳೀತಲ್ಲಮ್ಮ” ಎಂದ. ಆ ಮಾತನ್ನು ಅವಳು ಒಡವೆಯಂತೆ ಜೋಪಾನ ಮಾಡಿದಳು. ಅಂದಿನಿಂದ ದಿನವೂ ಕೆಲಸ ಶುರುವಾಗುವ ಮೊದಲು ಫ್ಯಾನ್ ಆರಿಸುವುದು ಅವಳದೇ ಅಧಿಕಾರ.

ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಅವಳು ನಾದಿನಿಯನ್ನೂ ಕೆಲಸಕ್ಕೆ ಸೇರಿಸಿದಳು. ನಾದಿನಿ ಬಾಯಾಳಿ. ಕೋಣೆಗೆ ಬಂದ ಮೇಲೆ ಹೆಂಗಸರಿಗೆ ನಗುವುದೇ ಇನ್ನೊಂದು ಕೆಲಸವಾಯಿತು. “ಇಷ್ಟು ವರ್ಷದಿಂದ ಬಿಟ್ಟಿ ಪೌಡರ್ ಮೆತ್ಕೋತಿದೀಯ ಅತ್ತಿಗೆ, ಇನ್ನೂ ಬೆಳ್ಳಗಾಗಿಲ್ಲ. ಮಾಲು ಮೋಸ!”

ನಾದಿನಿ ಸೇರಿದ ಮೂರನೆಯ ವರ್ಷ ಅವಳ ನಗು ಪ್ರತಿಸಲವೂ ಕೆಮ್ಮಿನಲ್ಲಿ ಮುಗಿಯತೊಡಗಿತು. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದರು. “ವಯಸ್ಸು ಇಪ್ಪತ್ತಾರು ಅಂತೀರಿ, ಇದು ಅರವತ್ತರವರ ಶ್ವಾಸಕೋಶ. ಇನ್ನೊಂದು ವರ್ಷ ಅದೇ ದೂಳಲ್ಲಿ ಕೂತ್ರೆ ಆಮೇಲೆ ನನ್ನ ಹತ್ರ ಬರಬೇಡಿ.”

ಮರುದಿನವೇ ಜರಡಿ ಅಕ್ಕ ಮೇಸ್ತ್ರಿಯ ಮುಂದೆ ನಿಂತಳು. “ಫ್ಯಾನ್ ಹಾಕ್ಸಿ ಅಣ್ಣಾ. ಹುಡುಗಿ ಉಳಿಯಲ್ಲ.”

“ನೀನೇ ಹೇಳ್ಕೊಟ್ಟ ಪಾಠ, ನೀನೇ ಮರೆತ್ಯಾ?” ಎಂದು ಅವನು ನಕ್ಕ. “ಆರಿಸಿಯೇ ಕೆಲಸ ಶುರು ಮಾಡು, ಪುಡಿ ಹೋದ್ರೆ ಯಜಮಾನ್ರು ಬಿಡಲ್ಲ.”

ಆ ತಿಂಗಳು ಕ್ರೀಮ್ ಕಂಪನಿಯಿಂದ ತಪಾಸಣೆಗೆ ಒಬ್ಬ ಮೇಡಂ ಬಂದರು. ಅಂದು ಫ್ಯಾನ್ ಭರ್ರೆಂದು ತಿರುಗುತ್ತಿತ್ತು, ಎಲ್ಲರ ಮೂಗಿಗೂ ಹೊಸ ಮುಖಗವಸು ಏರಿತ್ತು. ಏನು ಕೇಳಿದರೂ “ಎಲ್ಲ ಚೆನ್ನಾಗಿದೆ” ಎನ್ನಬೇಕೆಂದು ಮೇಸ್ತ್ರಿ ಮೊದಲೇ ಗಿಣಿಗೆ ಕಲಿಸಿದಂತೆ ಕಲಿಸಿದ್ದ. ಮೇಡಂ ಹತ್ತಿರ ಬಂದಾಗ ಜರಡಿ ಅಕ್ಕ ಮುಖಗವಸು ಕೆಳಗೆಳೆದಳು.

“ಈ ಫ್ಯಾನ್ ಇವತ್ತೊಂದೇ ದಿನ ಮೇಡಂ. ನೀವು ಗೇಟ್ ದಾಟಿದ ಕೂಡಲೇ ಆರುತ್ತೆ.”

“ಯಾರು ಆರಿಸ್ತಾರೆ?”

ಮೇಸ್ತ್ರಿ ತಡವರಿಸಲೇ ಇಲ್ಲ. “ಇವ್ರೇ ಮೇಡಂ. ಆರಿಸಿ ಅಂತ ಹೇಳಿದ್ದೂ ಇವ್ರೇ, ದಿನಾ ಸ್ವಿಚ್ ಒತ್ತೋದೂ ಇವ್ರೇ. ಸುಳ್ಳಾದ್ರೆ ಕೇಳಿ.”

ಉಳಿದ ಹೆಂಗಸರು ತಮ್ಮ ತಮ್ಮ ಜರಡಿಯೊಳಗೆ ಕಣ್ಣು ನೆಟ್ಟರು.

“ಹೌದಾಮ್ಮ?”

“ಹೌದು. ಆದ್ರೆ ಆಗ ನಂಗೆ...”

‘ಹೌದು’ ಎಂದದ್ದೇ ಸಾಕಾಗಿತ್ತು, ಪೆನ್ನು ಓಡತೊಡಗಿತು. ಕಾರಣ: ಕಾರ್ಮಿಕಳ ಸ್ವಂತ ನಿರ್ಲಕ್ಷ್ಯ. ಆರಿಸಿದ ಬೆರಳು ಯಾರದೆಂದು ಬರೆಯಲು ಆ ಹಾಳೆಯಲ್ಲಿ ಜಾಗವಿತ್ತು. ಆರಿಸಿದ್ದರಿಂದ ಇಷ್ಟು ವರ್ಷ ಹೊಟ್ಟೆ ತುಂಬಿಸಿಕೊಂಡವರು ಯಾರೆಂದು ಬರೆಯಲು ಜಾಗವಿರಲಿಲ್ಲ.

ವಾರದೊಳಗೆ ಅವಳನ್ನು ಕೆಲಸದಿಂದ ತೆಗೆದರು, ಸುರಕ್ಷತೆಯ ನಿಯಮ ಮೀರಿದಳೆಂದು. ಕಂಪನಿಯ ಸಲಹೆಯಂತೆ ಸ್ವಿಚ್ಚಿಗೆ ಕಬ್ಬಿಣದ ಪೆಟ್ಟಿಗೆ ಹೊದಿಸಿ ಬೀಗ ಜಡಿದರು. ಕೀಲಿ ಮೇಸ್ತ್ರಿಯ ಜೇಬಿನಲ್ಲಿ, ಫ್ಯಾನ್ ಮೊದಲಿನಂತೆಯೇ ಸುಮ್ಮನೆ. ಕೊನೆಯ ಜರಡಿಗೆ ಪಳಗಿದ ಕೈ ಬೇಕಿತ್ತು. ಜರಡಿ ಅಕ್ಕ ಕೂರಿಸಿಕೊಂಡು ಕಲಿಸಿದ್ದು ಒಬ್ಬಳಿಗೇ. ಮೇಸ್ತ್ರಿ ಮನೆಗೇ ಹೇಳಿಕಳುಹಿಸಿದ: ನಾಳೆಯಿಂದ ಆ ಜಾಗ ನಾದಿನಿಗೆ, ಉಪಕಾರ ಅಂದುಕೊಳ್ಳಿ.

ಬೆಳಿಗ್ಗೆ ನಾದಿನಿ ಚಪ್ಪಲಿ ಮೆಟ್ಟಿದಳು.

“ಹೋಗ್ಬೇಡ ಕಣೇ.”

“ಅಣ್ಣನ ಮಾತ್ರೆ ಯಾರು ತರ್ತಾರೆ? ನೀನಾ?” ಅಂದವಳು ನಾಲಿಗೆ ಕಚ್ಚಿಕೊಂಡಳು.

ಜರಡಿ ಅಕ್ಕ ಗಂಡನ ಹಳೆಯ ಅಂಗಿಯಿಂದ ಒಂದು ತುಂಡು ಹರಿದು, ಎರಡು ಮಡಿಕೆ ಮಾಡಿ, ಅವಳ ಮೂಗು ಬಾಯಿಗೆ ಸುತ್ತಿ ಹಿಂದೆ ಗಂಟು ಹಾಕಿದಳು.

“ಬಿಗಿಯಾಯ್ತು ಅತ್ತಿಗೆ, ಉಸಿರು ಕಟ್ಟುತ್ತೆ.”

“ಸಡಿಲ ಮಾಡಿದ್ರೆ ಒಳಗೆ ಹೋಗುತ್ತೆ.”

ನಾದಿನಿ ಬೀದಿಯ ತಿರುವಿನವರೆಗೆ ನಡೆದಳು. ಅಲ್ಲಿ ಗೋಡೆ ಹಿಡಿದು ನಿಂತು, ಬಟ್ಟೆಯನ್ನು ಕತ್ತಿಗಿಳಿಸಿ, ಬಾಗಿ ಬಾಗಿ ಕೆಮ್ಮಿದಳು. ಆಮೇಲೆ ಮತ್ತೆ ನಡೆದಳು. ಬಟ್ಟೆಯನ್ನು ಮೇಲೆಳೆದುಕೊಳ್ಳಲಿಲ್ಲ.